ಎತ್ತಿನಗುಡ್ಡೆ

ಕಿಲಾರಿ ಕಾಟಯ್ಯನಿಗೆ ಸ್ವಂತದ್ದು ಅಂತ ಒಂದು ಕರುವೂ ಇರಲಿಲ್ಲ. ಬುದ್ಧಿ ಬಂದಾಗಿನಿಂದ ಅವನು ಕಾದದ್ದೆಲ್ಲ ದೇವರ ಎತ್ತುಗಳನ್ನು. ಅವನ್ನು ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದಂತೆ ಹೂವು ಹಾಕಿ ಮಣ್ಣು ಮಾಡಬೇಕು. ಆ ಹಿಂಡು ಕಾಯುವವನೇ ಕಿಲಾರಿ. ಕರೆಕಲ್ಲಹಟ್ಟಿಯವರು ಅವನಿಗೆ ಕಾಳು ಕೊಡುತ್ತಿದ್ದರು, ಮರ್ಯಾದೆ ಕೊಡುತ್ತಿದ್ದರು. ಅವನ ಅಪ್ಪನಿಗೂ ಅಷ್ಟೇ ಸಿಕ್ಕಿತ್ತು.

ಎರಡು ಸಾವಿರದ ಐವತ್ತೆಂಟನೇ ಇಸವಿಯ ಬೇಸಿಗೆ. ದನದ ದಡ್ಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾಟಯ್ಯ ಕುಕ್ಕರುಗಾಲಲ್ಲಿ ಕೂತು, ಒಂದು ಮೂಳೆಚೂರಿನ ಮೇಲೆ ನೀಲಿ ಬೆಳಕು ಹರಿಯುವುದನ್ನು ನೋಡುತ್ತಿದ್ದ. ಯಂತ್ರ ಹಾಲಿನ ಕ್ಯಾನಿಗಿಂತ ದೊಡ್ಡದಿರಲಿಲ್ಲ. ಅದಕ್ಕೆ ಉದ್ದನೆಯ ಹೆಸರೊಂದಿತ್ತು, ಅದನ್ನು ತಂದ ವಿಜ್ಞಾನಿ ಇಂಪನಾಳೂ ಆ ಹೆಸರು ಹೇಳುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಮೂಳೆಗನ್ನಡಿ. ಮೂಳೆಯನ್ನು ಒಡೆಯದೆ, ಕೊರೆಯದೆ, ಒಳಗೆ ಉಳಿದದ್ದನ್ನು ಅದು ಓದುತ್ತಿತ್ತು: ಪ್ರಾಣಿ ಯಾವ ಮಣ್ಣಿನ ಹುಲ್ಲು ಮೇಯಿತು, ಯಾವ ವಯಸ್ಸಿಗೆ ಸತ್ತಿತು, ಯಾರ ವಂಶದ್ದು. ಹತ್ತು ವರ್ಷದ ಹಿಂದೆ ಒಂದು ಹಲ್ಲಿನ ಕತೆ ತಿಳಿಯಲು ಪ್ರಯೋಗಾಲಯದಲ್ಲಿ ಆರು ತಿಂಗಳು ಬೇಕಿತ್ತು. ಈಗ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಗಿತ್ತು.

ಯಂತ್ರ ಹಟ್ಟಿಗೆ ಬಂದದ್ದು ಕಾವಲಿನ ಕಾರಣಕ್ಕೆ. ಕಾವಲು ಅಂದರೆ ಹಿಂಡು ಮೇಯುವ ಹುಲ್ಲುಗಾವಲು. ಮೂವತ್ತು ವರ್ಷದ ಹಿಂದೆ ಅದರ ಒಂದು ಮೂಲೆಗೆ ಮೊದಲ ಬೇಲಿ ಬಿದ್ದಾಗ ಯಾರೂ ಏನೂ ಕೇಳಿರಲಿಲ್ಲ. ಇನ್ನೂ ಬೇಕಾದಷ್ಟಿದೆ ಅಂದುಕೊಂಡಿದ್ದರು. ಆಮೇಲೆ ಬೇಲಿ ಬೇಲಿಯನ್ನು ಹಡೆಯಿತು. ಉಳಿದ ತುಂಡನ್ನೂ ಈಗ ಬ್ಯಾಟರಿ ಕಾರ್ಖಾನೆಗೆ ಗುರುತು ಮಾಡಿದ್ದರು. ತಪ್ಪಿಸಲು ಒಂದೇ ದಾರಿಯಿತ್ತು. ಹೊಸ ಪ್ರಾಚೀನ ತಳಿ ಕಾಯ್ದೆಯ ಪ್ರಕಾರ, ಒಂದು ತಳಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ಅದೇ ನೆಲದಲ್ಲಿ ಬದುಕಿದೆಯೆಂದು ತೋರಿಸಿದರೆ ಆ ನೆಲವನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಮೂಳೆಗನ್ನಡಿ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪಿಸಬೇಕು. ಬೇರೆ ಕಡೆ ಕೆಲವರು ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ಕತ್ತರಿಸಿದ್ದರಿಂದ ಈ ನಿಯಮ ಬಂದಿತ್ತು. ಹಿಂಡಿಗೆ ಹೊಣೆಯಾದವರೆಲ್ಲ ಹೆಬ್ಬೆಟ್ಟು ಒತ್ತಬೇಕು. ಇಲ್ಲಿ ಹೊಣೆ ಮೂವರದು: ಹಟ್ಟಿಯ ಯಜಮಾನ ಚಿನ್ನಪಾಲಯ್ಯ, ಪೂಜಾರಿ ಬೊಮ್ಮಣ್ಣ, ಕಿಲಾರಿ ಕಾಟಯ್ಯ.

ಸಾಕ್ಷಿ ಎಲ್ಲಿದೆಯೆಂದು ತೋರಿಸಿದವನು ಕಾಟಯ್ಯನೇ. ಕಾವಲಿನ ಬಡಗಣ ಅಂಚಿನಲ್ಲಿ ಎರಡಾಳೆತ್ತರದ ಬೂದಿದಿಬ್ಬವಿತ್ತು. ಹೆಸರು ಎತ್ತಿನಗುಡ್ಡೆ. ಸ್ವಾಮಿಯ ಮೊದಲ ಎತ್ತುಗಳನ್ನು ಮಣ್ಣು ಮಾಡಿದ ಜಾಗ ಅದೆಂದು ಹಟ್ಟಿಯವರು ಅಲ್ಲಿಗೆ ಕೆರ ಬಿಟ್ಟು ಹತ್ತುತ್ತಿದ್ದರು. ಅಗೆಯುವುದು ಬೇಡವೆಂದು ಹಿರಿಯರು ಹಟ ಹಿಡಿದಾಗ ಕಾಟಯ್ಯನೇ, ಎತ್ತುಗಳ ಹಿರೀಕರನ್ನೇ ಸಾಕ್ಷಿಗೆ ಕರೆಯೋಣ, ಅವರಿಗಿಂತ ದೊಡ್ಡವರು ಯಾರಿದ್ದಾರೆ ಎಂದು ವಾದಿಸಿದ್ದ. ಪೂಜಾರಿ ಹೂವು ಕೇಳಿದ. ದೇವರ ಬಲಗಡೆಯ ಹೂವು ಬಿತ್ತು; ಒಪ್ಪಿಗೆಯಾಯಿತೆಂದು ಅಗೆದರು.

ಮೊದಲ ಫಲ ಬಂದಾಗ ಹಟ್ಟಿಯಲ್ಲಿ ಬೆಲ್ಲ ಹಂಚಿದ್ದರು. ದಿಬ್ಬದ ಮೂಳೆಗಳು ನಾಲ್ಕು ಸಾವಿರ ವರ್ಷದವು. ದಡ್ಡಿಯಲ್ಲಿ ಮೆಲುಕು ಹಾಕುತ್ತಿದ್ದ ಹಸುಗಳು ಅದೇ ತಾಯಿಬಳ್ಳಿಯವು. ಮಣ್ಣಿನ ಗುರುತೂ ಇದೇ ಕಾವಲಿನದು. ಕಾಟಯ್ಯ ಅಂದು ಹಿಂಡಿನ ಹಿರಿಯ ಹಸುವಿನ ಕತ್ತಿನಡಿ ಜೋಲುವ ಗಂಗೆದೊಗಲು ತುರಿಸುತ್ತಾ, ನಿನ್ನ ಜಾತಕ ಸಿಕ್ತು ಕಣೆ ಎಂದು ಹೇಳಿದ್ದ.

ಈಗ ಎರಡನೇ ಫಲ ಬರುತ್ತಿತ್ತು. ಇಂಪನಾ ಮೂಳೆಚೂರನ್ನು ತಿರುಗಿಸಿಟ್ಟು ಯಂತ್ರವನ್ನು ಮೂರನೇ ಸಲ ಓಡಿಸಿದಳು. ಚಳ್ಳಕೆರೆಯ ಕಡೆಯ ಹುಡುಗಿ; ಸಾಮಾನ್ಯವಾಗಿ ಒಂದೇ ಸಲಕ್ಕೆ ಕೆಲಸ ಮುಗಿಸುವವಳು.

"ಯಾಕವ್ವ, ಮಿಷಿನ್ನು ಕೆಟ್ಟೋಯ್ತಾ?"

"ಮಿಷಿನ್ ಚೆನ್ನಾಗೇ ಐತೆ ಅಣ್ಣಾ."

ಅವಳು ವಿವರಿಸಿದಳು. ಮೂಳೆಯೊಳಗೆ ಕೊಲಾಜೆನ್ ಎಂಬ ನಾರಿದೆ. ಮೂರೆಳೆ ಹೊಸೆದ ಹಗ್ಗದ ಹಾಗೆ. ಸುಮ್ಮನೆ ಹೂತ ಮೂಳೆಯಲ್ಲಿ ಆ ಹುರಿ ಮೆಲ್ಲಗೆ ಸವೆಯುತ್ತದೆ. ಬೆಂಕಿಗೆ ಸುಟ್ಟರೆ ಒಂದು ರೀತಿ ಬಿಚ್ಚುತ್ತದೆ, ನೀರಲ್ಲಿ ಕುದಿಸಿದರೆ ಇನ್ನೊಂದು ರೀತಿ. ಯಂತ್ರ ಆ ಬಿಚ್ಚನ್ನು ಗುರುತಿಸಬಲ್ಲದು. ದಿಬ್ಬದ ಮೂಳೆಗಳು ಹೂತವಲ್ಲ, ಬೆಂದವು. ಕೀಲಿನ ಬಳಿ ಕಲ್ಲಿನ ಚಾಕುವಿನ ಗೀರುಗಳಿದ್ದವು. ಉದ್ದ ಮೂಳೆಗಳನ್ನು ಒಳಗಿನ ಮಜ್ಜೆಗಾಗಿ ಸೀಳಿದ್ದರು.

ಕಾಟಯ್ಯ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ. ಯಾರೋ ದರೋಡೆಕೋರರು ತಿಂದು ಎಸೆದಿರಬೇಕು, ನಮ್ಮವರಲ್ಲ ಎಂದ. ಇಂಪನಾ ಪರದೆಯ ಮೇಲೆ ದಿಬ್ಬದ ನಕ್ಷೆ ತೆರೆದಳು. ಅದರ ಬುಡದಲ್ಲಿ ಹನ್ನೆರಡು ಒಲೆಗಳು ಸಿಕ್ಕಿದ್ದವು. ಒಂದೇ ಎತ್ತಿನ ಮೂಳೆಗಳನ್ನು ಯಂತ್ರ ಕೆಂಪಗೆ ಹೊಳೆಯಿಸಿತು. ಪ್ರತಿ ಒಲೆಯ ಹತ್ತಿರವೂ ಕೆಂಪು: ಪಕ್ಕೆಲುಬಿನ ಚೂರು, ಬೆನ್ನಿನ ಒಂದು ಮಣಿ, ಕಾಲಿನ ಒಂದು ತುಂಡು. ಯಾವ ಒಲೆಗೂ ಹೆಚ್ಚಿಲ್ಲ, ಯಾವ ಒಲೆಗೂ ಕಡಿಮೆಯಿಲ್ಲ.

"ದರೋಡೆಕೋರರು ಹಿಂಗೆ ಹಂಚ್ಕಂತಾರಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಗುಡ್ಡೆ ಹಾಕವ್ರೆ, ಅಣ್ಣಾ."

ಕಾಟಯ್ಯನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಹಟ್ಟಿಯಲ್ಲಿ ಮೇಕೆ ಕಡಿದರೆ ಮುತ್ತುಗದ ಎಲೆಗಳನ್ನು ಸಾಲಾಗಿ ಹಾಸಿ, ಮನೆಗೊಂದರಂತೆ ಬಾಡಿನ ಗುಡ್ಡೆ ಹಾಕುತ್ತಾರೆ. ಈಲಿ, ತೊಡೆ, ಪಕ್ಕೆ, ತಲೆ, ಎಲ್ಲದರಲ್ಲೂ ಎಲ್ಲರಿಗೂ ಒಂದೊಂದು ಚೂರು. ಗುಡ್ಡೆ ಹಾಕುವುದರಲ್ಲಿ ಅವನದೇ ಪಳಗಿದ ಕೈ. ಎತ್ತಿನಗುಡ್ಡೆ ಎಂಬ ಹೆಸರನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಾನೆ. ಗುಡ್ಡೆ ಎಂದರೆ ಗೋರಿ ಎಂದೇ ತಿಳಿದಿದ್ದ. ಸಮಾಧಿಯೆಂದು ಕರ್ಪೂರ ಹಚ್ಚಿದ್ದು ಅಡುಗೆಮನೆಯ ತಿಪ್ಪೆಗೆ.

ಇಂಪನಾ ಅಲ್ಲಿಗೇ ನಿಲ್ಲಿಸಲಿಲ್ಲ. ಕಡಿದ ದನಗಳ ವಯಸ್ಸಿನ ಪಟ್ಟಿ ತೋರಿಸಿದಳು. ಹಾಲು ಕೊಡುವ ಹಸು ಅದರಲ್ಲಿ ಒಂದೂ ಇರಲಿಲ್ಲ. ಹೆಚ್ಚಾದ ಹೋರಿಗಳು, ಮುದಿಯಾದವು, ಕಾಲು ಮುರಿದವು. ಬರಗಾಲದ ಪದರುಗಳಲ್ಲಿ ಮೂಳೆ ಕಡಿಮೆಯಾಗಿತ್ತು. ಅಂದರೆ ಹಸಿದಾಗ ಅವರು ಹಿಂಡಿಗೆ ಕೈ ಹಾಕದೆ ಬೇರೆ ಏನೋ ತಿಂದು ತಡೆದುಕೊಂಡಿದ್ದರು. ಅವರ ಊಟ, ಮದುವೆ, ಜಗಳ ಎಲ್ಲ ಹಿಂಡಿನ ಮೇಲೆ ನಿಂತಿತ್ತು, ಅದಕ್ಕೇ ಕಾವಲನ್ನು ಬಿಟ್ಟುಕೊಡುವುದು ಅವರಿಂದ ಆಗುತ್ತಿರಲಿಲ್ಲ ಎಂದಳು. ಕಾಟಯ್ಯ ಕೇಳಿಸಿಕೊಂಡ, ತಲೆಯಾಡಿಸಲಿಲ್ಲ.

ಸಂಜೆಗೆ ಮುಂಚೆ ಗುಡಿಯ ಮುಂದಿನ ಕಟ್ಟೆಯಲ್ಲಿ ಸೇರಿದರು. ಎರಡನೇ ಫಲವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೊಡಲಾಗದೇ ಎಂದು ಪೂಜಾರಿ ಬೊಮ್ಮಣ್ಣ ಕೇಳಿದ. ಆಗದು ಎಂದಳು ಇಂಪನಾ. ವಂಶ ಹೇಳಿದ್ದೂ ಬೇಯಿಸಿದ್ದು ಹೇಳಿದ್ದೂ ಒಂದೇ ಮೂಳೆ. ಕತ್ತರಿಸಿ ಕೊಟ್ಟರೆ, ಕಾರ್ಖಾನೆಯವರು ಅದೇ ಮೂಳೆಯನ್ನು ನಾಳೆ ಇನ್ನೊಂದು ಯಂತ್ರದಲ್ಲಿಡುತ್ತಾರೆ. ಆಗ ಕಾವಲೂ ಹೋಗುತ್ತದೆ, ಸುಳ್ಳರು ಎಂಬ ಹೆಸರೂ ಬರುತ್ತದೆ.

ಯಜಮಾನ ಚಿನ್ನಪಾಲಯ್ಯ ಎಲೆಅಡಿಕೆ ಉಗಿದು ಬಂದು ಹೇಳಿದ: "ನಾಕು ಸಾವ್ರ ವರ್ಷದ ಸಾರು. ಈಗ ಯಾವನಪ್ಪ ನಮ್ಮ ಬಾಯಿ ಮೂಸ್ ನೋಡ್ತಾನೆ? ತತ್ತಾ ಇಲ್ಲಿ, ನಾನ್ ಒತ್ತುತೀನಿ." ಅರ್ಜಿಗೆ ಗುರುತು ಹಿಡಿಯುವ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿಯೇಬಿಟ್ಟ.

ಕೆಲವರು ನಕ್ಕರು. ಬೊಮ್ಮಣ್ಣ ನಗಲಿಲ್ಲ. ಅವನು ಬುದ್ಧಿವಂತ, ಇಲ್ಲ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಎತ್ತುಗಳ ಜೊತೆ ಮಲಗುವವನು ಕಿಲಾರಿ, ಅವನು ಒತ್ತಿದರೆ ತಾನೂ ಒತ್ತುತ್ತೇನೆ ಎಂದು ಕೈ ಕಟ್ಟಿ ಕೂತ. ಎಲ್ಲರ ಕಣ್ಣೂ ಕಾಟಯ್ಯನ ಕಡೆಗೆ ತಿರುಗಿದವು.

ಕಾಟಯ್ಯ ಗಾಜನ್ನು ನೋಡಿದ. ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡ. ಒತ್ತುತ್ತಾನೆ ಎಂದೇ ಇಂಪನಾ ಅಂದುಕೊಂಡಳು.

"ಮೇವಿಲ್ದೆ ಸತ್ರೆ ಅದು ಸ್ವಾಮಿ ಲೆಕ್ಕ ಕಣವ್ವ," ಎಂದ. "ತಿಂದೋರ ಮಕ್ಳು ಅಂತ ಒತ್ತಿದ್ರೆ ಅದು ನನ್ ಲೆಕ್ಕ."

"ಸ್ವಾಮಿಗೆ ಹಸಿವಾಗಲ್ಲ ಅಣ್ಣಾ. ಎತ್ತಿಗೆ ಆಗ್ತದೆ."

"ಗೊತ್ತು."

"ನಿಮ್ಮ ಹಿರೀಕರು ತಪ್ಪು ಮಾಡಿಲ್ಲ. ನಾನು ಹಂಗೆ ಬರೆದೂ ಇಲ್ಲ."

"ನೀನು ಬರೆದಿಲ್ಲ. ನಾಳೆ ಬೆಳಿಗ್ಗೆ ದಡ್ಡಿ ಬಾಗಿಲು ತೆಗೆದ್ರೆ ಅವು ನನ್ ಮುಖ ನೋಡ್ತವೆ. ಏನಂತ ನಿಂತ್ಕಳ್ಳಲಿ?"

ಇಂಪನಾ ಗಾಜನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು. ಯಜಮಾನ ಬೈದ, ಕಿಲಾರಿಯ ಹೆಂಡತಿ ಕೂಡ ಒತ್ತು ಎಂದಳು. ಕಾಟಯ್ಯ ಎದ್ದು ದಡ್ಡಿಯ ಕಡೆಗೆ ನಡೆದ. ಅವನು ಮೂರ್ಖನಾಗಿರಲಿಲ್ಲ. ಏನು ಕಳೆದುಕೊಳ್ಳುತ್ತಿದ್ದೇನೆಂದು ಅಲ್ಲಿದ್ದ ಎಲ್ಲರಿಗಿಂತ ಅವನಿಗೇ ಚೆನ್ನಾಗಿ ತಿಳಿದಿತ್ತು.

ಅರ್ಜಿ ಅಪೂರ್ಣವೆಂದು ವಾಪಸಾಯಿತು. ಮಳೆಗಾಲ ಮುಗಿಯುವ ಮೊದಲೇ ಬೇಲಿ ಮುಚ್ಚಿಕೊಂಡಿತು. ಹಿಂಡನ್ನು ಮೂರು ಪಾಲು ಮಾಡಿ ಮೂರು ಊರಿನ ಸಿಮೆಂಟು ಕೊಟ್ಟಿಗೆಗಳಿಗೆ ಸಾಗಿಸಿದರು. ಭಕ್ತರು ಬಂದು ಬಾಳೆಹಣ್ಣು ತಿನ್ನಿಸಿ, ಹಣೆ ಮುಟ್ಟಿ, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ದಿನವೆಲ್ಲ ನಡೆಯುವ ಜಾತಿಯ ದನ ಅವು. ನಿಂತಲ್ಲೇ ಗೊರಸು ಬೆಳೆದು ಸೊಟ್ಟಗಾದವು. ಚೀಲದ ಮೇವು ಹೊಟ್ಟೆಗೆ ಹಿಡಿಸಲಿಲ್ಲ. ಗಬ್ಬವಾದ ಹಸುಗಳು ಕಂದು ಹಾಕಿದವು. ಕಾಟಯ್ಯ ಮೂರು ಊರಿಗೂ ಬಸ್ಸಿನಲ್ಲಿ ಓಡಾಡಿ, ಸತ್ತದ್ದಕ್ಕೆಲ್ಲ ಹೂವು ಹಾಕಿ ಮಣ್ಣು ಮಾಡಿದ. ಕೊನೆಕೊನೆಗೆ ಹೂಳಲು ಜಾಗ ಕೊಡುವವರಿರಲಿಲ್ಲ, ದುಡ್ಡು ಕೊಟ್ಟು ಜೆಸಿಬಿ ಕರೆಸಬೇಕಾಯಿತು.

ಮೂರನೇ ವರ್ಷ ಇಂಪನಾ ಒಮ್ಮೆ ಬಂದಳು. ಅವಳ ದಿಬ್ಬದ ಸಂಶೋಧನೆಗೆ ಹೊರದೇಶಗಳಲ್ಲಿ ಹೆಸರಾಗಿತ್ತು. ಕಾಟಯ್ಯ ಮೂರರಲ್ಲಿ ಕೊನೆಗೆ ಖಾಲಿಯಾದ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದ. ಹಿರೀಕರು ಒಟ್ಟು ಎಷ್ಟು ತಿಂದಿದ್ದರು ಎಂದು ಕೇಳಿದ. ಅಗೆದಷ್ಟು ಜಾಗದಲ್ಲಿ, ಆರುನೂರು ವರ್ಷದಲ್ಲಿ, ಸಾವಿರದ ಮುನ್ನೂರು ಚಿಲ್ಲರೆ ಎಂದಳು. ಅಷ್ಟು ತಿಂದ ಮೇಲೂ ಹಿಂಡು ಇತ್ತಲ್ಲ ಎಂದ. ಇತ್ತು ಎಂದಳು.

ಆಮೇಲೆ ಅವನು ತನ್ನ ಲೆಕ್ಕ, ಮಣ್ಣು ಮಾಡಿದ್ದರ ಲೆಕ್ಕ, ಹೇಳಿದ. ಎತ್ತು ಮತ್ತು ಹೋರಿ ತೊಂಬತ್ತಾರು. ಹಸು ಎಂಬತ್ತೊಂದು. ಕರು ಮೂವತ್ತೇಳು. ಒಟ್ಟು ಇನ್ನೂರ ಹದಿನಾಲ್ಕು. ಕತ್ತಿ ತಾಗಿದ್ದು ಒಂದಕ್ಕೂ ಇಲ್ಲ.