ಗುಡಿಸದೆ ಬಿಟ್ಟ ಹೆಜ್ಜೆಗಳು

ಸುನ್ನಿವಾಳಿಗೆ ಒಂದು ಸಣ್ಣ ಚಿಂತೆಯಿತ್ತು. ಯಾರ ಬಳಿಯೂ ಹೇಳಿಕೊಳ್ಳುವಂಥದ್ದಲ್ಲ...

ದಿನವೂ ಸಂಜೆ ಮೆಟ್ಟಿಲ ಮೇಲೆ ತಾನು ಮೀನಿನ ತಲೆ ಇಡುತ್ತಿರುವುದು ನಿಜಕ್ಕೂ ಬೆಕ್ಕಿಗೇನಾ?

ಬೆಕ್ಕೇ ಇರಬೇಕು, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಲ್ಲದಿದ್ದರೆ ಹೀಗೆ ಕಾಲಿಗೆ ಮೈ ಉಜ್ಜುತ್ತಿತ್ತೇ? ಆದರೆ ಕಿವಿಯ ತುದಿಯಲ್ಲಿ ಕುಂಚದಂತೆ ಎದ್ದು ನಿಂತ ಕಪ್ಪು ಕೂದಲು, ಕೆನ್ನೆಯ ಎರಡೂ ಕಡೆ ಗಡ್ಡದಂತೆ ಇಳಿದ ರೋಮ, ಬೆರಳುಗಳ ನಡುವೆಯೂ ತುಪ್ಪಳ ತುಂಬಿದ ಅಗಲವಾದ ಪಾದ... ಎಲ್ಲಕ್ಕಿಂತ ಹೆಚ್ಚಾಗಿ, ಬಾಲ. ಬಾಲವಿರಬೇಕಾದ ಜಾಗದಲ್ಲಿ ಹಿಡಿಯಷ್ಟು ಮೋಟು.

ಬೆಕ್ಕಿನ ಜಾತಿಯದೇ ಆದ ದೊಡ್ಡ ಕಾಡುಮೃಗ ಲಿಂಕ್ಸಿಗೆ ಇರುವುದೂ ಅಂಥದ್ದೇ ಮೋಟು.

ನಾರ್ವೆಯ ಒಳನಾಡಿನ ಆ ಕಣಿವೆಯಲ್ಲಿ ಲಿಂಕ್ಸ್ ಎಂದರೆ ಕುರಿಮರಿಗಳ ಯಮ. ಅಂಥದ್ದನ್ನು ಕರೆದು ಉಣಿಸುತ್ತಿದ್ದಾಳೆಂದು ಗೊತ್ತಾದರೆ ಊರಿನವರು ಅವಳನ್ನು ಮತ್ತೆ ಮಾತಾಡಿಸುವುದುಂಟೇ? ಅದಕ್ಕೇ ಅವಳು ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ. ಹೆಸರಿಡಬೇಕಾದರೆ ಅದು ಏನೆಂದು ಮೊದಲು ತೀರ್ಮಾನವಾಗಬೇಕಲ್ಲ!

ಓದು ಮುಗಿಸಿ, ಚಳಿಗಾಲಕ್ಕೆ ಸ್ವಲ್ಪ ಮೊದಲು ಊರಿನ ಉಣ್ಣೆ ಗಿರಣಿಗೆ ಕೆಲಸಕ್ಕೆ ಬಂದ ಹುಡುಗಿ ಅವಳು. ನದಿಯ ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಮನಸ್ಸಿನೊಳಗೆ ದಿನಕ್ಕೆ ಸಾವಿರ ಮಾತಾಡುವವಳು. ಬಾಯಿ ಬಿಟ್ಟರೆ ‘ಹ್ಞೂಂ’, ‘ಉಹ್ಞೂಂ’, ಅಷ್ಟೇ.

ಚಳಿ ಇನ್ನೂ ಬಿಡದ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು.

ಅಂಗಳದ ಹಿಮದಲ್ಲಿ ಒಬ್ಬ ಯುವಕ ಮಂಡಿಯೂರಿ ಕೂತಿದ್ದ. ಬೆನ್ನಿಗೆ ಕೋವಿ. ಕೈಯಲ್ಲೊಂದು ಅಳತೆ ಪಟ್ಟಿ. ಹಿಮದಲ್ಲಿ ಮೂಡಿದ ಹೆಜ್ಜೆಯೊಂದರ ಮೇಲೆ ಅದನ್ನಿಟ್ಟು ಉಸಿರು ಬಿಗಿಹಿಡಿದು ನೋಡುತ್ತಿದ್ದ.

“ಇದು ಯಾವುದರ ಹೆಜ್ಜೆ?” ಎಂದ, ತಲೆಯೆತ್ತದೆ.

“ಬೆಕ್ಕಿಂದು.”

“ನಿಮ್ಮದಾ?”

“ಹ್ಞೂಂ.”

“ಬೆಕ್ಕಿಗೆ ದೊಡ್ಡದಾಯ್ತು. ಲಿಂಕ್ಸಿಗೆ ಸಣ್ಣದಾಯ್ತು.” ಅವನು ಎದ್ದು ನಿಂತು ಮೊದಲ ಬಾರಿಗೆ ಅವಳ ಮುಖ ನೋಡಿದ. “ಅದಕ್ಕೆ ಬಾಲ ಇದೆಯಾ?”

ಅವಳು ಬಾಗಿಲ ಚಿಲಕ ಹಿಡಿದುಕೊಂಡಳು. ಇವನಿಗೆ ಎಲ್ಲ ಗೊತ್ತು! ಗೊತ್ತಿದ್ದೂ ನನ್ನ ಬಾಯಿಂದಲೇ ಹೊರಡಿಸಬೇಕೆಂದು ಬಂದಿದ್ದಾನೆ...

“ಇದೆ,” ಎಂದಳು ಸುನ್ನಿವಾ. “ಉದ್ದ ಬಾಲ. ನೆಲ ಗುಡಿಸೋ ಅಷ್ಟು ಉದ್ದ.”

ಅವನ ಮುಖದಲ್ಲಿ ಏನೋ ಒಂದು ದೀಪ ಆರಿದಂತಾಯಿತು. ಅದು ನಿರಾಸೆ ಎಂದು ಅವಳಿಗೆ ಹೊಳೆಯಲಿಲ್ಲ. ನನ್ನನ್ನು ನಂಬಲಿಲ್ಲ, ಎಂದುಕೊಂಡಳು. ಅವನು ಹೋದ ಮೇಲೂ ಬಹಳ ಹೊತ್ತು ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು.

ಮರುದಿನ ಗಿರಣಿಯಲ್ಲಿ ಉಣ್ಣೆ ಬಿಡಿಸುತ್ತಾ ಗುಡ್ರುನ್ ಅವನ ಜಾತಕ ಹೇಳಿದಳು. ಗುಡ್ರುನ್ ಆ ಗಿರಣಿಯ ಹಿರಿಯಳು, ಊರಿನ ಸುದ್ದಿಯೆಲ್ಲ ಅವಳ ಕೈಯಲ್ಲೇ ನೂಲಾಗಿ ಹೊರಗೆ ಹೋಗುತ್ತಿತ್ತು. ಹುಡುಗನ ಹೆಸರು ತಾರ್ಯೆ. ನದಿಯಾಚೆಯ ಕುರಿದೊಡ್ಡಿಯ ಅಮುಂಡನ ಸೋದರಳಿಯ. ಅಮುಂಡ್ ತೀರಿಕೊಂಡ ಮೇಲೆ ಕುರಿಗಳನ್ನು ನೋಡಿಕೊಳ್ಳಲು ಬಂದವನು. ಲಿಂಕ್ಸ್ ಬೇಟೆಯ ತಂಡದವರು ಈ ವರ್ಷ ಅವನನ್ನೂ ಸೇರಿಸಿಕೊಂಡಿದ್ದರು.

“ಊರಿಗೆ ಹೊಸಬ ನೋಡು. ಒಂದು ಲಿಂಕ್ಸ್ ತೋರಿಸಿಕೊಟ್ರೆ ಸಾಕು, ಊರೋನೇ ಆಗ್ಬಿಡ್ತಾನೆ.”

ಬೆಕ್ಕು ಲಿಂಕ್ಸಿನ ಹಾಗೆ ಕಾಣುವುದುಂಟೇ ಎಂದು ಸುನ್ನಿವಾ ಉಣ್ಣೆಯನ್ನೇ ನೋಡುತ್ತಾ ಕೇಳಿದಳು.

ಗುಡ್ರುನ್ ನಕ್ಕಳು. “ನಮ್ಮ ಕಡೆ ಮನೇಲಿ ಸಾಕೋ ಕಾಡುಬೆಕ್ಕಿನ ತಳಿ ಎಲ್ಲಾ ಹಂಗೇ ಕಣೇ. ಮುಂದಿಂದ ನೋಡಿದ್ರೆ ಲಿಂಕ್ಸಿನ ತಮ್ಮ. ಹಿಂದಕ್ಕೆ ಹೋಗಿ ಬಾಲ ನೋಡಿ ಮಾತಾಡ್ಬೇಕು.”

ಬಾಲವೇ ಇಲ್ಲದಿದ್ದರೆ? ಸುನ್ನಿವಾ ಉಣ್ಣೆಯ ಇನ್ನೊಂದು ಗಂಟು ಬಿಡಿಸತೊಡಗಿದಳು.

ಮರುದಿನ ಬೆಳಿಗ್ಗೆ ಸುನ್ನಿವಾ ಪೊರಕೆ ಹಿಡಿದು ಹೊರಗೆ ಬಂದಳು. ಮೆಟ್ಟಿಲಿಂದ ಸೌದೆ ಗೂಡಿನವರೆಗೆ ಮೂಡಿದ್ದ ಹೆಜ್ಜೆಗಳನ್ನೆಲ್ಲ ಗುಡಿಸಿ ಅಳಿಸಿದಳು. ದಿನವೂ ಅದೇ ಕೆಲಸ. ಹಿಮದ ಮೇಲೆ ನೂಕುಬಂಡಿ ಜಾರಿಸಿಕೊಂಡು ಹೋಗುತ್ತಿದ್ದ ಗುಡ್ರುನ್ ಒಮ್ಮೆ ನಿಲ್ಲಿಸಿ ನೋಡಿದಳು.

“ಹಿಮಕ್ಕೆ ಪೊರಕೆ ಹಾಕೋಳನ್ನ ಇವತ್ತೇ ನೋಡಿದ್ದು. ನಾಳೆ ಮೋಡಕ್ಕೂ ಹಾಕ್ತೀಯೇನೋ!”

ಆದರೆ ತಾರ್ಯೆ ಮತ್ತೆ ಬಂದ. ನುಣುಪಾದ ಅಂಗಳವನ್ನೂ, ಗೋಡೆಗೆ ಒರಗಿದ್ದ ಪೊರಕೆಯನ್ನೂ, ಅವಳನ್ನೂ ಒಂದೊಂದಾಗಿ ನೋಡಿದ.

“ಮುಚ್ಚಿಡೋ ಅಂಥದ್ದು ಏನಿದೆ?”

“ಕಾಫಿ ಕುಡೀತೀರಾ?” ಎಂದಳು ಅವಳು. ಅಂಗಳಕ್ಕೆ ಬಂದವನು ವೈರಿಯೇ ಆದರೂ ಕಾಫಿ ಕೇಳದೆ ಕಳಿಸುವುದು ಆ ಕಣಿವೆಯ ರೂಢಿಯಲ್ಲ.

ಅವನು ಮೆಟ್ಟಿಲ ಬಳಿ ನಿಂತೇ ಕುಡಿದ. ಕಣ್ಣು ಮಾತ್ರ ಮೀನಿನ ತಟ್ಟೆಯ ಮೇಲೆ, ಸೌದೆ ಗೂಡಿನ ಮೇಲೆ. ಇವಳ ಕಣ್ಣು ಅವನ ಕೈಗವಸಿನ ಮೇಲೆ. ಗಿರಣಿಯ ಹುಡುಗಿಯಲ್ಲವೇ, ಹೆಣಿಗೆ ಕಂಡರೆ ಸುಮ್ಮನಿರಲಾರಳು. ಬೆರಳುಗಳ ಕಡೆ ಅಚ್ಚುಕಟ್ಟು. ಹೆಬ್ಬೆರಳು ಮಾತ್ರ ಬೆಂದ ಆಲೂಗಡ್ಡೆಯ ಹಾಗೆ ಸೊಟ್ಟ.

“ನಾನೇ ಹೆಣೆದಿದ್ದು,” ಎಂದ ಅವನು, ಅವಳು ನೋಡಿದ್ದನ್ನು ನೋಡಿ. “ಮಾವ ಕಲಿಸ್ತಿದ್ರು. ಹೆಬ್ಬೆರಳಿಗೆ ಬರೋ ಮುಂಚೆ ಹೋಗ್ಬಿಟ್ರು.”

ಅವಳಿಗೆ ನಗು ಬಂತು. ನಕ್ಕ ಮರುಗಳಿಗೆ ಅಳು ಬರುವಂತಾಯಿತು. ಅವನೂ ಬೇರೆ ಕಡೆ ನೋಡಿದ.

ಎಚ್ಚರ ಸುನ್ನಿವಾ, ಎಂದಿತು ಒಳಗಿನ ದನಿ. ನಗಿಸಿ ಬಾಯಿ ಬಿಡಿಸುವುದೂ ಬೇಟೆಯ ಒಂದು ಬಗೆ...

ಅವನು ಬರುತ್ತಲೇ ಇದ್ದ. ಕಾಫಿಗೆ ಅವಳು ದೋಸೆಯಂಥ ತೆಳು ರೊಟ್ಟಿಯನ್ನೂ ಕಂದು ಚೀಸನ್ನೂ ಸೇರಿಸತೊಡಗಿದಳು. ಅನುಮಾನ ಮಾತ್ರ ಇಬ್ಬರ ನಡುವೆ ಮೂರನೆಯವನ ಹಾಗೆ ಕೂತೇ ಇತ್ತು. ಹೆಜ್ಜೆಯೇ ಇಲ್ಲದ ಅಂಗಳಕ್ಕೆ ಇವನಿಗೇನು ಕೆಲಸ ಎಂದು ಅವಳು. ಉದ್ದ ಬಾಲದ ಬೆಕ್ಕನ್ನು ಒಂದು ಸಲವಾದರೂ ಯಾಕೆ ತೋರಿಸುವುದಿಲ್ಲ ಎಂದು ಅವನು.

ಆಮೇಲೆ ಕೆಲವು ದಿನ ಅವನು ಬರಲಿಲ್ಲ.

ಒಳ್ಳೆಯದೇ ಆಯಿತು, ಎಂದುಕೊಂಡಳು. ಬೆಳಿಗ್ಗೆ ಪೊರಕೆ ಎತ್ತಿಕೊಂಡು ಅಂಗಳಕ್ಕೆ ಬಂದಳು. ಹೆಜ್ಜೆಗಳ ಮುಂದೆ ನಿಂತಳು. ಬಹಳ ಹೊತ್ತು ನಿಂತಳು... ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ತೋಳು ನೋವು, ಎಂದು ತನಗೇ ಹೇಳಿಕೊಂಡಳು. ಮರುದಿನವೂ ತೋಳು ನೋವು. ಅದರ ಮರುದಿನವೂ.

ಮಧ್ಯಾಹ್ನದ ಬಿಸಿಲು ಆ ಹೆಜ್ಜೆಗಳ ಅಂಚನ್ನು ಕರಗಿಸಿತು. ಇಳಿಹೊತ್ತಿನ ಚಳಿ ಅದನ್ನು ಹೆಪ್ಪುಗಟ್ಟಿಸಿತು. ದಿನದಿನಕ್ಕೆ ಅವು ಹಿಗ್ಗುತ್ತಾ ಹೋದವು. ಅವಳು ಅದನ್ನು ಗಮನಿಸಲಿಲ್ಲ. ಅವಳು ನೋಡುತ್ತಿದ್ದುದು ದಾರಿಯನ್ನು.

ಕೊನೆಗೂ ಅವನು ಬಂದ. ಮಂಡಿಯೂರಿ ಪಟ್ಟಿ ಇಟ್ಟ. ಮತ್ತೊಂದು ಹೆಜ್ಜೆಗೂ ಇಟ್ಟ.

“ದೊಡ್ಡದು,” ಎಂದ ಮೆಲ್ಲಗೆ. “ಇದು ಬೆಕ್ಕಲ್ಲ.”

ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದ. ದಾರಿಯ ತಿರುವಿನಲ್ಲಿ ನಿಂತು ಯಾರಿಗೋ ಫೋನ್ ಮಾಡಿದ್ದನ್ನು ಅವಳು ಕಿಟಕಿಯಿಂದ ಕಂಡಳು.

ಮರುದಿನ ಗುಡ್ರುನ್ ಸುದ್ದಿ ತಂದಳು. ನಾಳೆ ಬೆಳಿಗ್ಗೆ ಬೇಟೆ. ಸುನ್ನಿವಾಳ ಮನೆಯ ಹಿಂದಿನ ಕಾಡಿನಿಂದ ನದಿಯವರೆಗೆ. ತೋರಿಸಿಕೊಟ್ಟವನು ತಾರ್ಯೆ.

“ನಿನ್ನ ಮನೆ ಕಾಫಿ ಕುಡಿದು, ನಿನ್ನ ಮನೆ ಹಿತ್ತಿಲಿಗೇ ಕೋವಿ ತಂದ ನೋಡು. ಗಂಡಸರನ್ನ ಒಳಗೆ ಕರೆಯೋ ಮುಂಚೆ ಅವರ ಬೆನ್ನ ಮೇಲೆ ಏನಿದೆ ಅಂತ ನೋಡ್ಬೇಕಮ್ಮ.”

ಸುನ್ನಿವಾ ಕಿಟಕಿಯ ಕಡೆ ತಿರುಗಿದಳು. ಅವನು ಮೋಸ ಮಾಡಿದ, ನಿಜ. ಆದರೆ ಹೆಜ್ಜೆ ಗುಡಿಸದೆ ಬಿಟ್ಟವರು ಯಾರು?

ಬೇಟೆಯ ಬೆಳಿಗ್ಗೆ ಅವಳು ಆ ಪ್ರಾಣಿಯನ್ನು ಮೀನು ತೋರಿಸಿ ಒಳಗೆ ಕರೆದು ಸೌದೆ ಗೂಡಿನಲ್ಲಿ ಕೂಡಿಹಾಕಿದಳು. ಅಗುಳಿ ಹಾಕಿ ಮನೆಯೊಳಗೆ ಬಂದು, ಬೂಟು ಕಳಚಿ ಕಿಟಕಿಯಾಚೆ ನೋಡುವಷ್ಟರಲ್ಲಿ ಸಡಿಲವಾದ ಹಲಗೆಯೊಂದನ್ನು ತಳ್ಳಿಕೊಂಡು ಅದು ಹೊರಗೆ ಜಿಗಿದಿತ್ತು! ನೇರವಾಗಿ ನದಿಯ ಕಡೆಗೆ.

ಸುನ್ನಿವಾ ಓಡಿದಳು. ಬೂಟು ಮತ್ತೆ ಹಾಕಿಕೊಳ್ಳಲೂ ತೋಚಲಿಲ್ಲ; ಉಣ್ಣೆಯ ಕಾಲುಚೀಲದಲ್ಲೇ, ಮೊಣಕಾಲುದ್ದ ಹಿಮದಲ್ಲಿ ಓಡಿದಳು.

ನದಿಯಂಚಿನ ಪೊದೆಯ ಬಳಿ ಕಾವಲಿಗೆ ನಿಂತಿದ್ದವನು ತಾರ್ಯೆ. ಹಿಮದ ದಿಬ್ಬದ ಮೇಲೆ ಎರಡು ಕಿವಿಗಳು ಎದ್ದವು, ತುದಿಯಲ್ಲಿ ಕಪ್ಪು ಕುಂಚ. ಮುಖ, ಗಡ್ಡದ ರೋಮ. ಹಿಂಬದಿ ದಿಬ್ಬದಾಚೆ ಮರೆಯಾಗಿತ್ತು. ಅವನು ಕೋವಿ ಎತ್ತಿದ.

ಜೀವನದಲ್ಲಿ ಯಾರ ಮುಂದೆಯೂ ದನಿ ಎತ್ತದ ಹುಡುಗಿ ಕಣಿವೆಗೆಲ್ಲ ಕೇಳುವಂತೆ ಕೂಗಿದಳು.

“ಬಾಲ ಇಲ್ಲ! ಅದಕ್ಕೆ ಬಾಲ ಇಲ್ಲ, ನಾನು ಸುಳ್ಳು ಹೇಳಿದ್ದೆ!”

ಹಾಗೆ ಕೂಗಿದ ಮೇಲೆ ಅವಳಿಗೆ ಎಚ್ಚರವಾಯಿತು. ಬಾಲ ಇಲ್ಲದ್ದು ಲಿಂಕ್ಸ್ ತಾನೇ! ನಾನೇ ಅದನ್ನು ಕೊಂದುಬಿಟ್ಟೆ...

ಆದರೆ ಕೋವಿ ಮೆಲ್ಲಗೆ ಕೆಳಗಿಳಿಯಿತು. ತಾರ್ಯೆಯ ಮುಖ ಬಿಳಚಿತ್ತು.

“ಮೋನ್ಸ್?” ಎಂದ. ದನಿ ಒಡೆಯಿತು. “ಮೋನ್ಸ್, ಬಾರೋ...”

ಆ ಪ್ರಾಣಿ ದಿಬ್ಬ ಇಳಿದು, ಮೋಟು ಬಾಲ ನೆಟ್ಟಗೆ ಮಾಡಿಕೊಂಡು, ಅವನ ಬೂಟಿಗೆ ತಲೆ ಗುದ್ದಿತು. ಅವನು ಹಿಮದಲ್ಲೇ ಕುಸಿದು ಕೂತು ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿದ.

ಅದು ಅವನ ಮಾವನ ಬೆಕ್ಕು. ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕು ಬಾಲ ಕಳೆದುಕೊಂಡದ್ದು. ಮಾವನನ್ನು ಮಣ್ಣು ಮಾಡಿದ ದಿನ ಮನೆ ಬಿಟ್ಟು ಹೋಗಿತ್ತು. ಚಳಿಗಾಲವಿಡೀ ಅವನು ಕಂಡ ಕಂಡ ಅಂಗಳದಲ್ಲಿ ಅದರ ಹೆಜ್ಜೆ ಹುಡುಕಿದ್ದ. ಬೇಟೆ ತಂಡದವನು ಬೆಕ್ಕು ಹುಡುಕುತ್ತಿದ್ದೇನೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಬಾಲದ ಬಗ್ಗೆ ಮಾತ್ರ ಕೇಳುತ್ತಿದ್ದ. ಇವಳು ಉದ್ದ ಬಾಲ ಎಂದಳು. ಹಾಗಾದರೆ ಮೋನ್ಸ್ ಅಲ್ಲ. ಮೋನ್ಸ್ ಅಲ್ಲದಿದ್ದರೆ, ಅಷ್ಟು ದೊಡ್ಡ ಹೆಜ್ಜೆ ಲಿಂಕ್ಸಿನದೇ.

ಸುನ್ನಿವಾ ಬಾಯಿಗೆ ಕೈ ಹಿಡಿದು ನಿಂತಳು. ಒಂದೇ ಒಂದು ಸುಳ್ಳು...

ಅವನ ಭುಜದ ರೇಡಿಯೋ ಗೊರಗುಟ್ಟಿತು. ಏನಾಯಿತೆಂದು ತಂಡದ ಹಿರಿಯ ಕೇಳುತ್ತಿದ್ದ.

“ಬೆಕ್ಕು,” ಎಂದ ತಾರ್ಯೆ. “ನಮ್ಮ ಮನೆದೇ.”

ಆಚೆಯಿಂದ ನಗುವಿನ ಅಲೆಯೇ ಬಂತು. ಅವನು ರೇಡಿಯೋ ಆರಿಸಿದ. ಇನ್ನೊಂದು ವರ್ಷ ಊರಿನವರಿಗೆ ಇದೇ ಮಾತು. ಅದು ಅವಳಿಗೂ ಗೊತ್ತಿತ್ತು.

ಮೋನ್ಸ್ ಆಗಷ್ಟೇ ಊರಿದ ಹೆಜ್ಜೆಯನ್ನು ಅವನು ಅವಳಿಗೆ ತೋರಿಸಿದ. ಎಷ್ಟು ಪುಟ್ಟದು! “ನಿಮ್ಮಂಗಳದ್ದು ಬಿಸಿಲಿಗೆ ಕರಗಿ ಹಿಗ್ಗಿದ್ದು. ಹಳೇ ಹೆಜ್ಜೆ ಅಳೀಬೇಡ ಅಂತ ಮಾವ ಬಡ್ಕೊಂಡಿದ್ರು.”

“ಮತ್ತೆ ಯಾಕೆ ಅಳೆದ್ರಿ?”

“ಹೊಸದೋ ಹಳೇದೋ ನೋಡ್ಬೇಕು ಅಂತ ನೆನಪಾಗ್ಲಿಲ್ಲ.” ಅವನು ಬೆಕ್ಕಿನ ಕಿವಿಯ ಕುಂಚವನ್ನೇ ಸವರುತ್ತಿದ್ದ. “ನಿಮ್ಮಂಗಳಕ್ಕೆ ಬಂದ್ರೆ ನನಗೆ ಅಳತೆ ಕಡೆ ಗಮನ ಇರ್ತಿರ್ಲಿಲ್ಲ. ಅದಕ್ಕೇ ನಡುವೆ ಬರೋದು ಬಿಟ್ಟೆ.”

ಅವಳ ಕಿವಿ ಬಿಸಿಯಾಯಿತು. ಪಾದಗಳ ಅರಿವೇ ಇರಲಿಲ್ಲ. ಅವಳ ಬೂಟಿಲ್ಲದ ಕಾಲುಗಳನ್ನು ಅವನು ಆಗ ನೋಡಿದ. ಕೈಗವಸು ಎರಡನ್ನೂ ಕಳಚಿ, ಒದ್ದೆ ಕಾಲುಚೀಲದ ಮೇಲೆ ಒಂದೊಂದಾಗಿ ತೊಡಿಸಿದ. ಸೊಟ್ಟ ಹೆಬ್ಬೆರಳುಗಳು ಎರಡೂ ಬದಿಗೆ ಚಾಚಿಕೊಂಡವು.

“ಒಂದು ಕೇಳ್ಲಾ?” ಎಂದ, ಅಲ್ಲೇ ಮಂಡಿಯೂರಿಕೊಂಡು. ಕಣ್ಣಲ್ಲಿ ಆ ಹಳೆಯ ಅನುಮಾನ ಇನ್ನೂ ಒಂದಿಷ್ಟು ಉಳಿದಿತ್ತು. “ದಿನಾ ಗುಡಿಸಿ ಅಳಿಸ್ತಿದ್ದೋರು, ಆಮೇಲೆ ಯಾಕೆ ಬಿಟ್ರಿ? ನನ್ನ ದಾರಿ ತಪ್ಪಿಸೋಕಾ?”

ತೋಳು ನೋವಿತ್ತು ಎನ್ನಬಹುದಿತ್ತು. ಹಿಮ ಗಟ್ಟಿಯಾಗಿತ್ತು ಎನ್ನಬಹುದಿತ್ತು. ‘ಉಹ್ಞೂಂ’ ಎಂದು ತಲೆ ತಗ್ಗಿಸಿದರೂ ಸಾಕಿತ್ತು...

ಸುನ್ನಿವಾ ತಲೆ ತಗ್ಗಿಸಲಿಲ್ಲ.

“ಹೆಜ್ಜೆ ಇದ್ರೆ ನೀನು ಬರ್ತೀಯ ಅಂತ.”