ಮುಸ್ಸಂಜೆಯಲ್ಲಿ ಕೊಟ್ಟ ಹೆಪ್ಪು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡುವ ಮೊದಲು, ಸಂಪಿಗೆದುರ್ಗ ಎಂಬ ರಾಜ್ಯದಲ್ಲಿ ಒಂದು ದಿನ ಸಂಜೆಯಾಯಿತು. ಆದ ಸಂಜೆ ಹಾಗೇ ನಿಂತುಬಿಟ್ಟಿತು. ಗುಡ್ಡದ ಅಂಚಿಗೆ ಬಂದ ಸೂರ್ಯ ಮುಳುಗಲೇ ಇಲ್ಲ. ಕರಾಳದತ್ತ ಎಂಬ ಮಾಂತ್ರಿಕ ಆ ರಾಜ್ಯದ ನಾಳೆಗಳನ್ನೆಲ್ಲ ಕದ್ದು, ತಾಮ್ರದ ಕೊಡಕ್ಕೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಇಟ್ಟುಕೊಂಡಿದ್ದ.

ಜನಕ್ಕೆ ತಲೆಬುಡ ತಿಳಿಯದಾಯಿತು. ಹಟ್ಟಿಗೆ ಹೊರಟ ದನಗಳು ದಾರಿಯಲ್ಲೇ ನಿಂತವು. "ನಾನು ಊಟ ಮಾಡಬೇಕೋ, ಮಾಡಿ ಆಯಿತೋ?" ಎಂದು ರಾಜ ಕೇಳಿದ. "ನಾಳೆ ಯೋಚಿಸಿ ಹೇಳುತ್ತೇನೆ ಪ್ರಭು" ಎಂದ ಮಂತ್ರಿ ಈಗಲೂ ಯೋಚಿಸುತ್ತಲೇ ಇದ್ದ. ಮಂತ್ರಿಗಳೆಂದರೆ ಅಷ್ಟೇ ಬಿಡಿ.

ಮಾಳವ್ವ ಎಂಬ ಹುಡುಗಿಗೆ ಮಾತ್ರ ಇದು ನಗುವ ಸಂಗತಿಯಾಗಿರಲಿಲ್ಲ. ಅವಳ ತಂಗಿ ಕೆಂಚಿ ಜ್ವರದಲ್ಲಿ ಸುಡುತ್ತಿದ್ದಳು. "ನಾಳೆ ಬೆಳಿಗ್ಗೆಗೆ ಜ್ವರ ಇಳೀತದೆ" ಎಂದು ಹೇಳಿ ವೈದ್ಯ ಹೋಗಿದ್ದ. ನಾಳೆಯೇ ಬರದಿದ್ದರೆ ಜ್ವರ ಇಳಿಯುವುದು ಹೇಗೆ? ಮಾಳವ್ವ ದೀಪ ಹಚ್ಚುವ ಮೊದಲೇ ಅತ್ತೆಯ ಮನೆಯಿಂದ ಹಾಲಿಗೆ ಹಾಕಲು ಒಂದು ಚಿಪ್ಪು ಹೆಪ್ಪು ತಂದಿದ್ದಳಷ್ಟೆ. ಅದನ್ನು ಕೆಳಗಿಡುವುದನ್ನೂ ಮರೆತು, "ಆ ಮಾಂತ್ರಿಕನ ಹತ್ರ ಒಂದು ನಾಳೆ ಕೇಳಿ ತರ್ತೀನಿ" ಎಂದು ಹೊರಟಳು.

ತಾಯಿ ಹಿಂದಿನಿಂದ ಕೂಗಿ ಹೇಳಿದಳು: "ಹೆಪ್ಪು ಜೋಪಾನ ಕಣೆ. ದೀಪ ಹಚ್ಚಿದ ಮೇಲೆ ಯಾರು ಕೇಳಿದ್ರೂ ಕೊಡಬಾರದು. ಕೊಟ್ರೆ ಮನೆ ಸಿರಿ ಹೊರಟೋಗ್ತದೆ."

ಆ ಊರಿನ ಕಟ್ಟಳೆ ಅದು. ಈಗ ಯಾವಾಗಲೂ ದೀಪ ಹಚ್ಚುವ ಹೊತ್ತೇ ಆಗಿದ್ದರಿಂದ, ಯಾವ ಮನೆಯವರೂ ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ.

ಕಾಡಿನಲ್ಲಿ ಒಂದು ಹುಲಿ ಅಡ್ಡ ಮಲಗಿತ್ತು. "ಬಾಯೆಲ್ಲ ಹುಣ್ಣಾಗಿದೆ. ನಾಳೆ ವಾಸಿಯಾಗಬೇಕಿತ್ತು" ಎಂದು ನರಳಿತು. "ಒಂದು ಚಮಚ ಮೊಸರು ಹಾಕ್ತೀಯಾ?" ಕೊಡಬಾರದು ಎಂದಿದ್ದಳು ತಾಯಿ. ಆದರೆ ಹುಲಿಯ ಕಣ್ಣಲ್ಲಿ ನೀರಿತ್ತು. ಮಾಳವ್ವ ಗೊಂದಲದಲ್ಲೇ ಒಂದು ಚಮಚ ಹಾಕಿದಳು. ಹುಲಿ ಅವಳನ್ನು ಬೆನ್ನ ಮೇಲೆ ಹೊತ್ತು ಕಾಡು ದಾಟಿಸಿತು.

ಹೊಳೆಯ ದಡದಲ್ಲಿ ಮನೆಯಷ್ಟು ದೊಡ್ಡ ಕೊಕ್ಕರೆ ಕುಳಿತಿತ್ತು. "ಈ ಮೊಟ್ಟೆ ನಾಳೆ ಒಡೀಬೇಕಿತ್ತು. ಎದ್ದರೆ ತಣ್ಣಗಾಗುತ್ತೆ, ಕೂತರೆ ಹಸಿವು" ಎಂದಿತು. ಮಾಳವ್ವ ಎರಡನೆಯ ಚಮಚ ಕೊಟ್ಟಳು. ತಪ್ಪು ಮಾಡಿದೆನೋ ಸರಿ ಮಾಡಿದೆನೋ ಅವಳಿಗೆ ತಿಳಿಯಲಿಲ್ಲ. ಕೊಕ್ಕರೆ ಒಂದು ರೆಕ್ಕೆಯನ್ನು ಸೇತುವೆಯಂತೆ ಹಾಸಿತು.

ಮಾಂತ್ರಿಕನ ಬಾಗಿಲಲ್ಲಿ ಒಬ್ಬ ರಕ್ಕಸ ಕಾವಲಿದ್ದ. "ನನ್ನ ಬದಲಿ ಆಳು ನಾಳೆ ಬರಬೇಕಿತ್ತು. ಮನೆ ಊಟದ ರುಚಿಯೇ ಮರೆತೋಗಿದೆ ಕಣವ್ವ" ಎಂದ. ಅವನಿಗೆ ಮೂರನೆಯ ಚಮಚ ಕೊಟ್ಟಾಗ ಚಿಪ್ಪಿನಲ್ಲಿ ಉಳಿದದ್ದು ಅಂಟಿದ ಒಂದಿಷ್ಟು. ರಕ್ಕಸ ಬಾಗಿಲು ತೆರೆದ. ಮನೆಯ ಸಿರಿಯನ್ನೆಲ್ಲ ದಾರಿಯಲ್ಲಿ ಚೆಲ್ಲಿ ಬಂದೆನೇನೋ ಎಂದು ಮಾಳವ್ವನಿಗೆ ಅಳು ಬಂತು.

ಒಳಗೆ ಕರಾಳದತ್ತ ಕೊಡವನ್ನು ತಬ್ಬಿಕೊಂಡು ಕುಳಿತಿದ್ದ. ಎದುರಿಗೆ ಒಂದು ಬಟ್ಟಲು ಉಗುರುಬೆಚ್ಚಗಿನ ಹಾಲು. ಮುದುಕ, ಪಕ್ಕೆಲುಬು ಎಣಿಸಬಹುದಿತ್ತು.

"ಒಂದೇ ಒಂದು ನಾಳೆ ಕೊಡಿ. ನನ್ನ ತಂಗಿಗೆ ಜ್ವರ" ಎಂದಳು ಮಾಳವ್ವ.

"ಕೊಡಲ್ಲ. ನಾಳೆ ಏನಾಗುತ್ತೋ ಯಾರಿಗೆ ಗೊತ್ತು? ಅದಕ್ಕೇ ಎಲ್ಲ ಕಟ್ಟಿಟ್ಟಿದ್ದೀನಿ" ಎಂದ ಅವನು. ಕೊಡವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ.

ಇವನನ್ನು ಬೈಯಬೇಕೋ ಮರುಗಬೇಕೋ ಮಾಳವ್ವನಿಗೆ ಗೊತ್ತಾಗಲಿಲ್ಲ. ಮೂವರಿಗೆ ಕೊಟ್ಟದ್ದಾಗಿದೆ, ಇವನೊಬ್ಬನಿಗೆ ಏಕೆ ಇಲ್ಲವೆನ್ನಲಿ ಎಂದುಕೊಂಡು, ಚಿಪ್ಪಿನಲ್ಲಿ ಅಂಟಿದ್ದನ್ನು ಬೆರಳಲ್ಲಿ ಬಳಿದು ಅವನ ಹಾಲಿಗೆ ಹಾಕಿದಳು.

"ಏನಿದು?"

"ಹೆಪ್ಪು. ಬೆಳಿಗ್ಗೆಗೆ ಮೊಸರಾಗ್ತದೆ."

"ಆಗ್ತದೆ ಅಂತ ನಿಂಗೆ ಹೆಂಗೆ ಗೊತ್ತು?"

"ಗೊತ್ತಿಲ್ಲ. ದಿನಾ ಹಾಕಿ ಮುಚ್ಚಿಟ್ಟು ಮಲಗ್ತೀವಿ."

"ಆಗದೇ ಹೋದರೆ?"

"ಪಕ್ಕದ ಮನೆಯೋರು ಕೊಡ್ತಾರೆ" ಎಂದಳು ಮಾಳವ್ವ.

ಮಾಂತ್ರಿಕ ಬಾಗಿಲಾಚೆ ಇಣುಕಿ ನೋಡಿದ. ಅವನಿಗೆ ಪಕ್ಕದ ಮನೆಯೇ ಇರಲಿಲ್ಲ. ಬಟ್ಟಲಿಗೆ ತಟ್ಟೆ ಮುಚ್ಚಿ ಕಾದ. ತಟ್ಟೆ ಎತ್ತಿ ನೋಡಿದ, ಹಾಲು ಹಾಲಾಗಿಯೇ ಇತ್ತು. ಮತ್ತೆ ಮುಚ್ಚಿ, ಮತ್ತೆ ಎತ್ತಿ ನೋಡಿದ. ಮೂರನೆಯ ಸಲ ನೋಡಿದವನಿಗೆ ತಡೆಯಲಾಗಲಿಲ್ಲ. ಒಂದೇ ಒಂದು ನಾಳೆ ತೆಗೆದುಕೊಳ್ಳೋಣ ಎಂದು ಕೊಡದ ಬಟ್ಟೆ ಸಡಿಲಿಸಿದ. ನಾಳೆಗಳೆಲ್ಲ ದೊಡ್ಡಿಯಿಂದ ಬಿಟ್ಟ ಕರುಗಳಂತೆ ಓಡಿದವು. ಸೂರ್ಯ ಮುಳುಗಿದ, ಮತ್ತೆ ಎದ್ದ.

ಕರಾಳದತ್ತನ ಮಂತ್ರಗಳೆಲ್ಲ ಅವುಗಳ ಜೊತೆಗೇ ಹೋದವು. ಅವನು ಅದನ್ನು ಗಮನಿಸಲೂ ಇಲ್ಲ, ತಟ್ಟೆ ಎತ್ತಿ ಮೊಸರು ನೋಡುತ್ತಿದ್ದ.

ಅತ್ತ ಹುಲಿಯ ಬಾಯಿಹುಣ್ಣು ಮಾಯಿತು, ಮೊಟ್ಟೆ ಒಡೆಯಿತು, ರಕ್ಕಸನ ಬದಲಿ ಆಳು ಬಂದ. ಮಾಳವ್ವ ಖಾಲಿ ಚಿಪ್ಪು ಹಿಡಿದು ಮನೆಗೆ ಬಂದಾಗ ಕೆಂಚಿ ಎದ್ದು ಕುಳಿತು, "ಹಸಿವು, ಮೊಸರನ್ನ ಕೊಡು" ಅಂದಳು. ಮನೆಯಲ್ಲಿ ಮೊಸರಿರಲಿಲ್ಲ. ತಾಯಿ ಖಾಲಿ ಚಿಪ್ಪನ್ನು ನೋಡಿದಳು, ಬೈಯಲಿಲ್ಲ. ಆಗ ಬಾಗಿಲಲ್ಲಿ ಒಬ್ಬ ಮುದುಕ ಬಟ್ಟಲು ಹಿಡಿದು ನಿಂತಿದ್ದ. "ನಿಮ್ಮ ಪಕ್ಕದ ಮನೆ ಖಾಲಿ ಇದೆಯಂತಲ್ಲ" ಅಂದ.

ಅಂದಿನಿಂದ ಸಂಪಿಗೆದುರ್ಗದಲ್ಲಿ ದೀಪ ಹಚ್ಚಿದ ಮೇಲೂ ಹೆಪ್ಪು ಕೊಡುತ್ತಾರೆ. ಎಲ್ಲರೂ ಉಂಡು ಸುಖವಾಗಿದ್ದಾರೆ.