ಬ್ರೇಕ್ ಹಿಡಿದೆ ಸಾರ್, ನಿಲ್ಲಲಿಲ್ಲ

ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಗ್ಗೆ 11:20. ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಗಂಡನ ಒಂಟಿ ಚಪ್ಪಲಿ ಹಿಡಿದುಕೊಂಡು ಠಾಣೆಗೆ ಬಂದರು. ಇನ್ನೊಂದು ಚಪ್ಪಲಿ ಮುರಿದ ಕಾಲಿನ ಜೊತೆ ಆಸ್ಪತ್ರೆ ಸೇರಿತ್ತು.

"ಕರೆಂಟ್ ಸೈಕಲ್ ಗುದ್ದಿದೆ. ಬರ್ಕೊಳ್ಳಿ."

"ಓಡಿಸ್ತಿದ್ದವರು?" ಇನ್‌ಸ್ಪೆಕ್ಟರ್ ಕೇಳಿದರು.

"ಮೆಡಿಕಲ್ ಸ್ಟೋರಿನ ಹುಡುಗಿ. ನಮ್ಮನೆಗೇ ಮಾತ್ರೆ ತರ್ತಿದ್ಲು. ಈ ಸಲ ಮಾತ್ರೆ ಜೊತೆ ಕಾಯಿಲೇನೂ ತಂದ್ಲು."

ಕಾನ್‌ಸ್ಟೆಬಲ್ ಗೋಡೆ ಕಡೆ ತಿರುಗಿ ನಗು ನುಂಗಿದ. ಅವನಿಗೆ ಠಾಣೆಯಲ್ಲಿ ಟೇಪು ಅಂತಲೇ ಹೆಸರು. ಒಮ್ಮೆ ಕೇಳಿದ ದನಿಯನ್ನು, ಒಮ್ಮೆ ಕಂಡ ನಡಿಗೆಯನ್ನು ಹಾಗೆಯೇ ತಿರುಗಿಸಿ ಒಪ್ಪಿಸುತ್ತಿದ್ದ. ಇನ್‌ಸ್ಪೆಕ್ಟರ್ ದನಿಯೂ ಅವನ ಸಂಗ್ರಹದಲ್ಲಿತ್ತು, ಇನ್‌ಸ್ಪೆಕ್ಟರಿಗೆ ಮಾತ್ರ ಅದು ಗೊತ್ತಿಲ್ಲವೆಂದು ಅವನ ನಂಬಿಕೆ.

ಅಜಾಗರೂಕ ಚಾಲನೆ ಎಂದು ಎಫ್‌ಐಆರ್ ಆಯಿತು. 12:05ಕ್ಕೆ ಇಳಿಜಾರು ರಸ್ತೆಯಲ್ಲಿ ಪಂಚನಾಮೆ. ಟೈರು ಉಜ್ಜಿದ ಗುರುತು ಹನ್ನೊಂದು ಅಡಿ. ಟೇಪು ಒಂಬತ್ತು ಫೋಟೋ ತೆಗೆದ. ಮೊಣಕೈ ತರಚಿಕೊಂಡ ಹುಡುಗಿ ಕಾಲುದಾರಿಯಲ್ಲಿ ಕೂತು, ಚೆಲ್ಲಿದ ಮಾತ್ರೆಗಳನ್ನು ಒಂದೊಂದೇ ಚೀಲಕ್ಕೆ ತುಂಬುತ್ತಿದ್ದಳು.

"ಬ್ರೇಕ್ ಹಿಡಿದೆ ಸಾರ್. ನಿಲ್ಲಲಿಲ್ಲ. ಎಳ್ಕೊಂಡೇ ಹೋಯ್ತು."

"ಯಾವ ಬ್ರೇಕು?"

"ಎರಡೂ."

"ತಪ್ಪು ನಿನ್ನದಾದ್ರೆ ಕೆಲಸ ಇಲ್ಲ ಅಂತ ನಿಮ್ಮ ಯಜಮಾನರು ಫೋನ್ ಮಾಡಿದ್ರು."

"ಕೆಲಸ ಹೋದ್ರೆ ಇನ್ನೊಂದು ಹುಡುಕ್ತೀನಿ ಸಾರ್. ನಾನು ಸುಳ್ಳಿ ಅಂತ ಮೇಷ್ಟ್ರು ತಿಳ್ಕೋಬಾರ್ದು."

ಸೈಕಲ್ಲನ್ನೂ ಚೀಲವನ್ನೂ ವಶಪಡಿಸಿಕೊಂಡು ಬಂದು, ಸೈಕಲ್ಲನ್ನು ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು.

ಗುರುವಾರ ಬೆಳಗ್ಗೆ ಹತ್ತಕ್ಕೆ ಹುಡುಗಿಯ ಎದುರಿಗೇ ಪರೀಕ್ಷೆ. ಟೇಪು ಬ್ಯಾಟರಿ ಹಾಕಿ, ಹಿಂದಿನ ಚಕ್ರ ಎತ್ತಿ, ಆಕ್ಸಿಲರೇಟರ್ ತಿರುಗಿಸಿದ. ಚಕ್ರ ಗಿರ್ರೆಂದಿತು. ಬ್ರೇಕ್ ಮುಟ್ಟಿದ್ದೇ ತಡ, ಮೋಟರು ಗಪ್‌ಚುಪ್. ಗಾಬರಿಯಲ್ಲಿ ಬ್ರೇಕ್ ಹಿಡಿದ ಕೈಯೇ ಆಕ್ಸಿಲರೇಟರನ್ನೂ ತಿರುಗಿಸಿಬಿಡುವುದುಂಟು. ಅದಕ್ಕೇ ಬ್ರೇಕಿನಿಂದ ಮೋಟರಿಗೆ ಒಂದು ಸಣ್ಣ ತಂತಿ ಕೊಟ್ಟಿರುತ್ತಾರೆ. ಬ್ರೇಕ್ ಅಲುಗಿದರೆ ಸಾಕು, ಮೋಟರಿಗೆ ಕರೆಂಟ್ ಬಂದ್.

"ಎಲ್ಲ ಸರಿ ಇದೆಯಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

"ಅವತ್ತು ನಿಲ್ಲಲಿಲ್ಲ ಸಾರ್," ಎಂದು ಹುಡುಗಿ ಮೊದಲಿನ ಮಾತನ್ನೇ ಹೇಳಿದಳು. ಅದು ಇನ್‌ಸ್ಪೆಕ್ಟರಿಗೆ ವಿಚಿತ್ರವೆನಿಸಿತು. ಸುಳ್ಳು ಹೇಳುವವರು ಇಷ್ಟು ಹೊತ್ತಿಗೆ ಹೊಸ ಕತೆ ಶುರು ಮಾಡಿರುತ್ತಾರೆ. ಮೇಲಾಗಿ ಆ ಹನ್ನೊಂದಡಿ ಗುರುತು, ಬ್ರೇಕ್ ಹಿಡಿಯದೆ ಬಿದ್ದದ್ದಲ್ಲ.

"ಟೇಪು, ಅವಳು ಹೊರಡೋ ಹಾಗೇ ಹೊರಡು. ಒಂದೂ ಬಿಡಬೇಡ."

ಟೇಪುವಿನ ಪಾಲಿಗೆ ಅದು ಬಹುಮಾನ. ಅಂಗಡಿ ಮುಂದೆ ಒಮ್ಮೆ ಕಂಡಿದ್ದಂತೆ ಇಲ್ಲದ ಜಡೆಯನ್ನು ಹಿಂದಕ್ಕೆಸೆದ. "ಬರ್ತೀನಿ ಅಂಕಲ್!" ಎಂದು ಅವಳದೇ ದನಿಯಲ್ಲಿ ಕೂಗಿದ. ಮಾತ್ರೆ ಚೀಲ ಎಲ್ಲಿಡಲೆಂದು ಕೇಳಿದ. ಅವಳು ಎಡ ಹ್ಯಾಂಡಲ್ ತೋರಿಸಿದಳು. ಅಲ್ಲಿ ನೇತುಹಾಕಿ ಆಕ್ಸಿಲರೇಟರ್ ತಿರುಗಿಸಿದ.

ಸೈಕಲ್ ಜಪ್ಪಯ್ಯ ಅನ್ನಲಿಲ್ಲ.

ಚೀಲದ ಪಟ್ಟಿ ಬ್ರೇಕನ್ನು ಒಂದು ಬೆರಳಷ್ಟು ಒತ್ತಿತ್ತು. ಚೀಲ ತೆಗೆದರೆ ಓಡುತ್ತದೆ, ಹಾಕಿದರೆ ನಿಲ್ಲುತ್ತದೆ.

"ಮಂಗಳವಾರ ಚೀಲ ಎಲ್ಲಿತ್ತಮ್ಮ?"

"ಇಲ್ಲೇ ಸಾರ್. ದಿನಾ ಇಲ್ಲೇ."

"ಹಾಗಿದ್ರೆ ಮಂಗಳವಾರ ಇದು ಅಂಗಡಿ ಮುಂದಿಂದ ಹೊರಡ್ಲೇಬಾರ್ದಿತ್ತು."

ಪಂಚನಾಮೆಯ ಏಳನೇ ಫೋಟೋ ದೊಡ್ಡದು ಮಾಡಿ ನೋಡಿದರು. ಹ್ಯಾಂಡಲ್ ಕೆಳಗೆ ಆ ಸಣ್ಣ ತಂತಿಯ ಎರಡು ತುದಿ ಬೇರೆಬೇರೆ, ಒಂದೊಂದಕ್ಕೂ ಕೆಂಪು ಟೇಪು; ಅಂದು ಬ್ರೇಕ್ ಹಿಡಿದರೂ ಮೋಟರು ನಿಲ್ಲುವಂತಿರಲಿಲ್ಲ. ಈಗ ನೋಡಿದರೆ ತುದಿಗಳು ಕೂಡಿವೆ, ಕೆಂಪು ಟೇಪು ಮಾಯ. ಪೊಲೀಸ್ ಅಂಗಳದಲ್ಲೇ!

ಇನ್‌ಸ್ಪೆಕ್ಟರ್ ಅಂಗಳದ ರಿಜಿಸ್ಟರ್ ತೆರೆದರು. ಬುಧವಾರ ಸಂಜೆ 4:10, ಮೆಕ್ಯಾನಿಕ್, ಬ್ಯಾಟರಿ ಬಿಚ್ಚಿ ಒಳಗಿಡಲು, ಹತ್ತು ನಿಮಿಷ. ಬರಹ ಟೇಪುವಿನದೇ.

"ಆ ಹತ್ತು ನಿಮಿಷ ನೀನೆಲ್ಲಿದ್ದೆ?"

"ಇಲ್ಲೇ ಸಾರ್. ಅವರು... ನಿಮ್ಮ ಥರ ಮಾತಾಡಿ ತೋರ್ಸಪ್ಪ ಅಂದ್ರು. ಕಣ್ಮುಚ್ಚಿ ಮಾಡಿದ್ರೆ ಚೆನ್ನಾಗಿ ಬರುತ್ತೆ, ಅದಕ್ಕೆ..."

"ಚೆನ್ನಾಗಿ ಬಂತಾ?"

ಟೇಪು ಸೈಕಲ್ ನಿಂತ ಜಾಗವೆಲ್ಲ ಮಂಡಿಯೂರಿ ತಡಕಿ, ಕಲ್ಲಿನ ಸಂದಿಯಿಂದ ಕೆಂಪು ಚೂರು ಎತ್ತಿದ. ಟೇಪುವಿಗೆ ಟೇಪು ಸಿಕ್ಕಿತು.

ಹುಡುಗಿ ರಿಜಿಸ್ಟರಿನ ಆ ಸಾಲಿಗೆ ಬೆರಳಿಟ್ಟಳು. "ಮೆಕ್ಯಾನಿಕ್ ನಮ್ಮ ಸೋದರಮಾವ ಸಾರ್. ಎರಡು ವಾರದಿಂದ, ಈ ಹೊಸ ಚೀಲ ಬಂದಾಗಿಂದ, ಸೈಕಲ್ ಸುಲಭಕ್ಕೆ ಹೊರಡ್ತಿರ್ಲಿಲ್ಲ, ಹೊರಟ್ರೂ ನಿಂತು ನಿಂತು ಹೋಗ್ತಿತ್ತು. ದಿನಾ ಲೇಟು, ದಿನಾ ಬೈಗುಳ. ಮಾವಂಗೆ ಹೇಳಿದೆ. ಹೋದ ಶನಿವಾರ ರೆಡಿ ಮಾಡಿ ಕೊಟ್ರು."

3:30ಕ್ಕೆ ಮಾವನ ಶೆಡ್. ಸ್ಪ್ಯಾನರುಗಳೆಲ್ಲ ಅಳತೆಯ ಪ್ರಕಾರ ಗೋಡೆಯಲ್ಲಿ ನೇತಾಡುತ್ತಿದ್ದವು. ಬೆಂಚಿನ ಮೇಲೆ ಕೆಂಪು ಟೇಪಿನ ಸುರುಳಿ.

"ತಂತಿ ಬಿಚ್ಚಿದ್ದು?"

"ನಾನೇ."

"ಚೀಲ ನೋಡ್ಲಿಲ್ವಾ?"

"ಶೆಡ್ಡಿಗೆ ಸೈಕಲ್ ಒಂದೇ ಬಂತು ಸಾರ್, ಚೀಲ ಬರಲಿಲ್ಲ. ಸ್ವಿಚ್ಚೇ ಕೆಟ್ಟಿದೆ ಅನ್ಕೊಂಡೆ. ಬ್ರೇಕ್ ಅಂತೂ ಹಿಡಿಯುತ್ತಲ್ಲ ಅಂತ..."

"ಮತ್ತೆ ಕೂಡಿಸಿದ್ದು?"

"ಬಿಚ್ಚಿದ ಸೈಕಲ್ ಯಾಕೆ ಓಡಿಸ್ದೆ ಅಂತ ಅವಳ ಮೇಲೇ ಬರುತ್ತೆ ಅನ್ನಿಸ್ತು."

"ಅವಳಿಗೋಸ್ಕರ?"

ಮಾವ ಕೈಯ ಗ್ರೀಸು ಒರೆಸುತ್ತಲೇ ಇದ್ದ. "ಅರ್ಧ ಅವಳಿಗೆ. ಅರ್ಧ ನನಗೆ."

ಸುರುಳಿ ಜಪ್ತಿಯಾಯಿತು. ಅಪಾಯಕರ ನಿರ್ಲಕ್ಷ್ಯ ಮತ್ತು ಸಾಕ್ಷ್ಯನಾಶದ ಆರೋಪದಲ್ಲಿ 4:05ಕ್ಕೆ ಬಂಧನ. ಠಾಣೆಯಲ್ಲಿ ಹುಡುಗಿ ಅಳಲಿಲ್ಲ, ರೇಗಿದಳು.

"ನನ್ನ ಒಂದು ಮಾತು ಕೇಳಬಾರ್ದಿತ್ತಾ ಮಾವ? ಚೀಲ ಹಿಂದಕ್ಕೆ ಕಟ್ಕೋತಿದ್ದೆ."

ಮಾವ ಮೇಜಿನ ಮೇಲಿದ್ದ ಚೀಲದ ಪಟ್ಟಿಯನ್ನು ಕಣ್ಣಲ್ಲೇ ಅಳೆದ.

ಶನಿವಾರ ಮಾವನಿಗೆ ಬೇಲ್ ಸಿಕ್ಕಿತು. ಹುಡುಗಿಯ ಹೆಸರು ಆರೋಪಿಯ ಜಾಗದಿಂದ ಸಾಕ್ಷಿಯ ಜಾಗಕ್ಕೆ ಹೋಯಿತು, ಕೆಲಸ ಉಳಿಯಿತು. ಮೆಡಿಕಲ್ ಸ್ಟೋರಿನ ಆರೂ ಸೈಕಲ್ಲುಗಳಿಗೆ ಹಿಂದೆ ಕ್ಯಾರಿಯರ್ ಬಂತು. ಮೇಷ್ಟ್ರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಲ್ಲೇ ಒಂದು ಚಿತ್ರ ಬರೆದು ಅಂಗಡಿಗೆ ಕಳಿಸಿದರು: ಎತ್ತಿದ ಚಕ್ರ, ಬ್ರೇಕ್ ಹಿಡಿದ ಕೈ, ಕೆಳಗೆ ಒಂದೇ ಸಾಲು, "ಮೋಟರು ಸುಮ್ಮನಾದರೆ ಹೊರಡು." ಆ ಕೈಯ ಮೊಣಗಂಟಿನಲ್ಲಿ ತರಚಿದ ಗಾಯವನ್ನೂ ಮರೆತಿರಲಿಲ್ಲ.

ಇನ್‌ಸ್ಪೆಕ್ಟರ್ ಕೇಸ್ ಡೈರಿಯ ಕೊನೆಯ ಪುಟಕ್ಕೆ ಬಂದರು. ಅಪರಾಧದ ಉದ್ದೇಶ ಎಂಬ ಸಾಲಷ್ಟೇ ಖಾಲಿ ಉಳಿದಿತ್ತು. ಹೊರಗೆ ಸೈಕಲ್ ಬೆಲ್ ಕೇಳಿಸಿತು. ಮೇಷ್ಟ್ರ ಮನೆ ದಾರಿಯಲ್ಲಿ ಹೋಗುತ್ತಿದ್ದ ಹುಡುಗಿ ಗೇಟಿನ ಹತ್ತಿರ ನಿಂತು, ದಾಟುತ್ತಿದ್ದ ಅಜ್ಜಿಗೆ ದಾರಿ ಬಿಟ್ಟು, ಮತ್ತೆ ಹೊರಟಳು.

ಅವರು ಬರೆದರು: "ಸೋದರಸೊಸೆಗೆ ತಡವಾಗಬಾರದೆಂದು."